ಗೋಡೆ ಎಷ್ಟು ಬಣ್ಣ ಕುಡಿಯುತ್ತದೆ?

ಆಶ್ವೀಜ ಮುಗಿಯುತ್ತ ಬಂದಿತೆಂದರೆ ಊರೂರಲ್ಲಿ ಸುಣ್ಣ-ಬಣ್ಣದ ಗಡಿಬಿಡಿ. ಕಾಗಿನೆಲೆಯಲ್ಲಿ ಇದಕ್ಕೆ ಎರಡು ಕಾರಣ. ದೀಪಾವಳಿ ಅಮಾವಾಸ್ಯೆಯಾದ ಎರಡೂವರೆ ವಾರಕ್ಕೆ ಕನಕ ಜಯಂತಿ. ಕನಕದಾಸರ ಊರಿಗೆ ಆಗ ಬರುವ ಜನ ಬಹಳ.

ಅಲ್ಲಿಯ ಹಳೆಯ ಹಂಚಿನ ಮನೆಯೊಂದರ ಪಡಸಾಲೆಗೆ ಬಣ್ಣ ಹಚ್ಚಬೇಕಾಗಿದೆ ಎಂದಿಟ್ಟುಕೊಳ್ಳೋಣ. ಬಣ್ಣ ತರಲು ಬ್ಯಾಡಗಿಗೋ ಹಾವೇರಿಗೋ ಹೋಗಬೇಕು. ಕಡಿಮೆ ತಂದರೆ ಬಸ್ ಚಾರ್ಜು, ಒಂದು ದಿನದ ಕೆಲಸ ಎರಡೂ ಹೋದವು. ಮೇಲಾಗಿ ಎರಡನೇ ಸಲ ಕಲಸಿ ಕೊಟ್ಟ ಬಣ್ಣ ಮೊದಲಿನದಕ್ಕೆ ಹೊಂದದೆ ಗೋಡೆಯ ನಡುವೆ ಗೆರೆ ಎದ್ದು ಕಾಣುವುದುಂಟು. ಹೆಚ್ಚು ತಂದರೆ ಡಬ್ಬಿಯಲ್ಲೇ ಒಣಗುತ್ತದೆ. ಹಬ್ಬದ ಮುಂದೆ ಯಾವ ಮನೆಯಲ್ಲಿ ದುಡ್ಡು ಹೆಚ್ಚಿರುತ್ತದೆ?

ಹೈಸ್ಕೂಲಿಗೆ ಹೋಗುವ ಮಗಳು ಟೇಲರ್ ಟೇಪು ಹಿಡಿದು ಅಳೆಯುತ್ತಾಳೆ. ಉದ್ದ 14 ಅಡಿ, ಅಗಲ 10 ಅಡಿ, ಗೋಡೆಯ ಎತ್ತರ 9 ಅಡಿ. ನಾಲ್ಕು ಗೋಡೆಗಳ ವಿಸ್ತೀರ್ಣದ ಸೂತ್ರ ಬಾಯಿಪಾಠವಿದೆ: ಉದ್ದ-ಅಗಲಗಳ ಮೊತ್ತದ ಎರಡರಷ್ಟನ್ನು ಎತ್ತರದಿಂದ ಗುಣಿಸಿದರೆ 432 ಚದರ ಅಡಿ. ಹಂಚಿನ ಮನೆಯಾದ್ದರಿಂದ ಅಗಲದ ಎರಡೂ ಗೋಡೆಗಳ ಮೇಲೆ ತ್ರಿಕೋನವಿದೆ. ಪಾದ 10 ಅಡಿ, ಎತ್ತರ 4 ಅಡಿ, ಒಂದೊಂದೂ 20 ಚದರ ಅಡಿ. ಒಟ್ಟು 472. ಎರಡು ಬಾಗಿಲು, 3 ಅಡಿಗೆ 7 ಅಡಿಯವು; ಒಂದು ಕಿಟಕಿ, 3 ಅಡಿಗೆ 4 ಅಡಿಯದು. ಇವು 54 ಚದರ ಅಡಿ. ಕಳೆದರೆ 418. ಪುಸ್ತಕದ ಲೆಕ್ಕವಾದರೆ ಇಲ್ಲಿಗೆ ಮುಗಿಯಿತು.

ಆದರೆ ಬಣ್ಣ ಹಚ್ಚುವ ಹಿರಿಯ ಕೆಲಸಗಾರರನ್ನು ಕೇಳಿ ನೋಡಿ. "ಬಾಗಲಾ ಕಳೀಬ್ಯಾಡವಾ ತಂಗಿ, ಬಣ್ಣ ಕಡಿಮಿ ಬೀಳ್ತೈತಿ" ಎನ್ನುತ್ತಾರೆ. ಹುಡುಗಿಗೆ ನಗು. ಬಾಗಿಲಿಗೆ ಗೋಡೆಯ ಬಣ್ಣ ಯಾರು ಹಚ್ಚುತ್ತಾರೆ?

ನಗುವ ಮೊದಲು ಇನ್ನೊಮ್ಮೆ ಟೇಪು ಹಿಡಿಯಬೇಕು. ಹಳೆಯ ಮನೆಯ ಗೋಡೆ ದಪ್ಪ. ಚೌಕಟ್ಟು ಆಚೆ ಮೈಗೆ ಇರುವುದರಿಂದ ಈಚೆಗೆ ಒಂದು ಅಡಿ ಆಳದ ಪಕ್ಕೆಗಳು ಉಳಿಯುತ್ತವೆ. ಅವಕ್ಕೂ ಬಣ್ಣ ಬೇಕಲ್ಲ! ಒಂದು ಬಾಗಿಲಿಗೆ ಎರಡು ಪಕ್ಕೆ, ಒಂದು ನೆತ್ತಿ: 7, 7 ಮತ್ತು 3, ಒಟ್ಟು 17 ಚದರ ಅಡಿ. ಎರಡಕ್ಕೆ 34. ಕಿಟಕಿಯ ನಾಲ್ಕೂ ಪಕ್ಕೆಗೆ 14. ಇನ್ನು ದೀಪ ಇಡುವ ಮಾಡಗಳು ಮೂರು, ಪ್ರತಿಯೊಂದೂ ಒಂದು ಅಡಿ ಉದ್ದ, ಅಗಲ, ಆಳ. ಮಾಡದ ಬಾಯಿ ಒಂದು ಚದರ ಅಡಿ ತಿಂದರೆ ಬೆನ್ನು ಅಷ್ಟನ್ನೇ ಮರಳಿ ಕೊಡುತ್ತದೆ; ನಾಲ್ಕು ಪಕ್ಕೆಗಳು ಪೂರ್ತಿ ಹೆಚ್ಚುವರಿ. ಮೂರಕ್ಕೆ 12. ಕಳೆದದ್ದು 54, ಕೂಡಿಸಬೇಕಾದದ್ದು 60! ನಿಜವಾದ ವಿಸ್ತೀರ್ಣ 478. ಏನೂ ಕಳೆಯದ ಹಿರಿಯರ ಲೆಕ್ಕ 472. ಶಾಲೆಯ ಲೆಕ್ಕ ತಪ್ಪಲ್ಲ, ಅದರ ಗೋಡೆಗೆ ದಪ್ಪವಿಲ್ಲ, ಅಷ್ಟೇ. ತೆಳು ಗೋಡೆಯ ಹೊಸ ಆರ್‌ಸಿಸಿ ಮನೆಯಲ್ಲಿ ಬಾಗಿಲು ಕಳೆಯುವುದೇ ಸರಿ. ಅಲ್ಲಿ ತಾರಸಿಯ ಒಳಮೈಯನ್ನೂ ಕೂಡಿಸಬೇಕು.

ಮುಂದಿನದು ಗೋಡೆಯ ದಾಹ. ಒಂದು ಲೀಟರ್ ಬಣ್ಣ 10 ಚದರ ಮೀಟರಿಗೆ, ಅಂದರೆ ಸುಮಾರು 108 ಚದರ ಅಡಿಗೆ ಹರಡಿದರೆ ಆ ಪದರ ಎಷ್ಟು ದಪ್ಪ? ಸಾವಿರ ಘನ ಸೆಂಟಿಮೀಟರನ್ನು ಒಂದು ಲಕ್ಷ ಚದರ ಸೆಂಟಿಮೀಟರಿನಿಂದ ಭಾಗಿಸಿ. ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ಒಂದು ಕಾಗದದ ಹಾಳೆಯಷ್ಟು! ಉರುಟು ಗಿಲಾವಿನ ತಗ್ಗುಗಳು ಇದಕ್ಕಿಂತ ಎಷ್ಟೋ ಆಳ. ಡಬ್ಬಿಯ ಮೇಲೆ ಅಚ್ಚಾದ ಅಂಕಿ ನುಣುಪು ಗೋಡೆಗೆ ಹೇಳಿದ್ದು.

ಆದ್ದರಿಂದ ಗೋಡೆಯನ್ನೇ ಕೇಳುವುದು ಒಳ್ಳೆಯದು. ಕೈ ಒರೆಸಿದರೆ ಸುಣ್ಣ ಹತ್ತುವ ಗೋಡೆಯನ್ನು ಮೊದಲು ಕೆರೆದು ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ಯಾವ ಬಣ್ಣವೂ ನಿಲ್ಲದು. ಆಮೇಲೆ ಒಂದೇ ಲೀಟರಿನ ಡಬ್ಬಿ ತನ್ನಿ. ನೀರು ಬೆರೆಸುವ ಮೊದಲು ಅರ್ಧ ಲೀಟರ್ ಅಳೆದು ತೆಗೆದು, ಆಮೇಲೆ ಹದಕ್ಕೆ ನೀರು ಹಾಕಿ ಹಚ್ಚಿ. ಎಷ್ಟು ದೂರ ಹೋಯಿತೋ ಅಳೆಯಿರಿ. 40 ಚದರ ಅಡಿಗೆ ಮುಗಿದರೆ ಲೀಟರಿಗೆ 80. ಮೊದಲ ಕೋಟಿಗೆ 6 ಲೀಟರ್. ಎರಡನೇ ಕೋಟಿಗೆ ಗೋಡೆ ಅಷ್ಟು ಕುಡಿಯುವುದಿಲ್ಲ. ಲೀಟರಿಗೆ 120 ಹಿಡಿದರೆ 4 ಲೀಟರ್. ಒಟ್ಟು ಹತ್ತು. ಹತ್ತು ಲೀಟರಿನ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ, ಮೊದಲು ತಂದ ಒಂದು ಲೀಟರ್ ಕೈಕಾವಲಿಗೆ ಆಯಿತು. ಉಳಿದ ಅರ್ಧ ಲೀಟರನ್ನು ಹೊಸ ಡಬ್ಬಿಯ ಬಣ್ಣದೊಂದಿಗೆ ಒಂದೇ ಬಕೆಟ್ಟಿನಲ್ಲಿ ಕಲಸಿದರೆ ಛಾಯೆ ಬೇರೆಯಾಗುವ ಭಯವಿಲ್ಲ.

ಕೆಲಸ ಮುಗಿದ ಮೇಲೆ ಬಣ್ಣದ ನಂಬರು, ಖರ್ಚಾದ ಲೀಟರು, ತಾರೀಖು ಇಷ್ಟನ್ನು ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದಿನ ಸಲ ಟೇಪು ಹುಡುಕುವ ಕೆಲಸವಿರುವುದಿಲ್ಲ.