ಬುಟ್ಟಿ ಬದಿಗಿಡಿ, ಕಿಟಕಿ ತೆಗೆಯಿರಿ

ಹುಟ್ಟಿ ಹನ್ನೆರಡು ದಿನವಾದ ಕೂಸನ್ನು ಬುಟ್ಟಿಯಲ್ಲಿ ಬೋರಲು ಮಲಗಿಸಿ, ಗದ್ದದ ಕೆಳಗೆ ಎರಡೂ ಕೈ ಮಡಚಿಟ್ಟು, ತಲೆಗೆ ಬಾಡಿಗೆಯ ಕರಡಿ ಟೋಪಿ ಹಾಕಿ ತೆಗೆಯುವ ಫೋಟೋ ಬಸವಕಲ್ಯಾಣಕ್ಕೂ ಬಂದಿದೆ, ಹುಮನಾಬಾದಿಗೂ ಬಂದಿದೆ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಊರುಗಳು ನಮ್ಮವು. ಹೈದರಾಬಾದಿನಲ್ಲಿ ಓಡಿದ್ದು ಇಲ್ಲಿಗೆ ಬರಲು ತಡವಾಗುವುದಿಲ್ಲ. ಮದುವೆ ಆಲ್ಬಂ ಮಾಡುತ್ತಿದ್ದ ಹುಡುಗರೇ ಈಗ ಲೈಟು, ಬುಟ್ಟಿ, ಪ್ಲಾಸ್ಟಿಕ್ ಹೂವು ಹೊತ್ತು ಬಾಣಂತಿ ಮನೆಗೆ ಬರುತ್ತಾರೆ.

ಅವರ ಹೊಟ್ಟೆಪಾಡಿನ ಮೇಲೆ ನನಗೆ ಸಿಟ್ಟಿಲ್ಲ. ಸುದ್ದಿಗೆ ಸಿಗುವ ಗೌರವಧನದಲ್ಲಿ ಬೈಕಿನ ಪೆಟ್ರೋಲೂ ಹುಟ್ಟದ ನಾನೂ ಮದುವೆ ಸೀಸನ್ನಿನಲ್ಲಿ ಕ್ಯಾಮೆರಾ ಹಿಡಿಯುವವನೇ. ನನ್ನ ತಕರಾರು ಆ ಫೋಟೋದ ಬಗ್ಗೆ. ಅದರಲ್ಲಿ ಕೂಸೊಂದನ್ನು ಬಿಟ್ಟರೆ ಆ ಮನೆಯದು ಅಂತ ಏನೂ ಇರುವುದಿಲ್ಲ. ಸರಿಯಾಗಿ ನೋಡಿದರೆ ಕೂಸೂ ಪೂರ್ತಿ ಇರುವುದಿಲ್ಲ.

ಮೊದಲು ಆ ಭಂಗಿಯ ಮಾತು. ಕೂಸುಗಳನ್ನು ಹೂವು, ಕುಂಡ, ಎಲೆಗಳ ನಡುವೆ ಇಟ್ಟು ತೆಗೆಯುವ ಫ್ಯಾಷನ್ ಜಗತ್ತಿಗೆ ಹಬ್ಬಿದ್ದರಲ್ಲಿ ಆಸ್ಟ್ರೇಲಿಯಾ ಮೂಲದ ಆ್ಯನ್ ಗೆಡಿಸ್ ಅವರ ಪಾಲು ದೊಡ್ಡದು. 1996ರಲ್ಲಿ ಬಂದ ಅವರ ‘ಡೌನ್ ಇನ್ ದ ಗಾರ್ಡನ್’ ಪುಸ್ತಕದ ನೆರಳು ನಮ್ಮ ಸ್ಟುಡಿಯೋಗಳ ಗೋಡೆ ಮೇಲೂ ಇದೆ. ಗದ್ದಕ್ಕೆ ಕೈಕೊಟ್ಟು ಮಲಗಿದ ಕೂಸಿನ ಚಿತ್ರವನ್ನು ಬಲ್ಲವರು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಒಂದರಲ್ಲಿ ದೊಡ್ಡವರು ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈ ಹಿಡಿದಿರುತ್ತಾರೆ. ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ, ಹಿಡಿದವರ ಬೆರಳು ಅಳಿಸುತ್ತಾರೆ. ಇದು ಗೊತ್ತಿಲ್ಲದವರು ಮೊಬೈಲಿನಲ್ಲಿ ನೋಡಿದ ಚಿತ್ರವನ್ನು ನೇರವಾಗಿ ಕೂಸಿನ ಮೇಲೆ ಪ್ರಯೋಗ ಮಾಡುತ್ತಾರೆ. ಎಳೆಗೂಸಿನ ಕುತ್ತಿಗೆಗೆ ಬಲ ಇರುವುದಿಲ್ಲ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿಯೇ ಇಕ್ಕಟ್ಟಾಗುತ್ತದೆ. ಒಂದು ಮನೆಯ ಟೋಪಿ ಒಗೆಯದೆ ಇನ್ನೊಂದು ಮನೆಯ ಕೂಸಿನ ತಲೆಗೆ ಹೋಗುವುದು ಬೇರೆ.

ಇನ್ನು ತಾಯಿ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪು, ಅಮೆರಿಕಾದ ಸ್ಟುಡಿಯೋಗಳಲ್ಲಿ ಫೋಟೋ ಮೂಡಲು ಬಹಳ ಹೊತ್ತು ಬೇಕಿತ್ತು. ಅಲ್ಲಿಯವರೆಗೆ ಕೂಸು ಅಲುಗಬಾರದು. ಹಾಗಾಗಿ ತಾಯಿಯ ಮೇಲೆ ಪರದೆಯೋ ಚಾದರವೋ ಹೊದಿಸಿ, ಕುರ್ಚಿಯ ಹಾಗೆ ಕೂರಿಸಿ, ತೊಡೆ ಮೇಲೆ ಕೂಸನ್ನಿಟ್ಟು ತೆಗೆಯುತ್ತಿದ್ದರು. ಅಂಥ ಚಿತ್ರಗಳಿಗೆ ಈಗ ‘ಹಿಡನ್ ಮದರ್’ ಅಂತ, ಅಂದರೆ ಅಡಗಿದ ತಾಯಿ ಅಂತ ಹೆಸರೇ ಇದೆ. ಅವರಿಗೆ ಕ್ಯಾಮೆರಾ ನಿಧಾನ ಅನ್ನುವ ನೆಪವಾದರೂ ಇತ್ತು. ಕಣ್ಣು ಮಿಟುಕಿಸುವುದರೊಳಗೆ ಫೋಟೋ ಬೀಳುವ ಈ ಕಾಲದಲ್ಲಿ ನಾವು ಯಾಕೆ ಬಾಣಂತಿಗೆ “ಅಕ್ಕಾ, ಸ್ವಲ್ಪ ಸರೀರಿ, ಫ್ರೇಮಿನ್ಯಾಗ ಬರ್ಲಾಕತ್ತೀರಿ” ಅನ್ನುತ್ತೇವೆ? ತಲೆಗೆ ಬಟ್ಟೆ ಕಟ್ಟಿದ್ದಾಳೆ, ಮುಖ ಬಾಡಿದೆ, ಹಳೇ ನೈಟಿ ಉಟ್ಟಿದ್ದಾಳೆ ಅಂತಲಾ? ಒಂಬತ್ತು ತಿಂಗಳು ಹೊತ್ತವಳು ಹಾಗಲ್ಲದೆ ಹೇಗಿರಬೇಕಿತ್ತು? ತೊಟ್ಟಿಲು ಕಾರ್ಯದಲ್ಲಾಗಲಿ ಅಖೀಖಾದಲ್ಲಾಗಲಿ ರೇಷ್ಮೆ ಸೀರೆಯೋ ಹೊಸ ಚೂಡಿದಾರವೋ ತೊಟ್ಟ ಮೇಲೆ ಅವಳಿಗೆ ಫ್ರೇಮಿನಲ್ಲಿ ಜಾಗ ಸಿಗುತ್ತದೆ. ಆ ಮೊದಲ ದಿನಗಳ ಅವಳ ಮುಖ ಯಾರ ಹತ್ತಿರವೂ ಉಳಿಯುವುದಿಲ್ಲ.

ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ. ಹಾಲು ಕುಡಿಯುವಾಗ ಅದಕ್ಕೂ ತಾಯಿಯ ಮುಖಕ್ಕೂ ಇರುವ ಅಂತರವೇ ಅಷ್ಟು. ಕೂಸು ನಿಜವಾಗಿ ಏನನ್ನೋ ನೋಡುತ್ತಿರುವ ಫೋಟೋ ಬೇಕಿದ್ದರೆ ಅವಳನ್ನು ಸರಿಸಿ ತೆಗೆಯಲು ಆಗುವುದಿಲ್ಲ.

ನಮ್ಮ ಕಡೆ ಹಿರಿಯರ ತಕರಾರು ಬೇರೆ. “ಎಳೀ ಕೂಸಿನ ಫೋಟೋ ತೆಗಿಬ್ಯಾಡ್ರಿ, ನದರ ಆಗ್ತದ” ಅನ್ನುವ ಆಯಿಗಳು ಇನ್ನೂ ಇದ್ದಾರೆ. ಆ ಮಾತಿಗೆ ನಗುವ ಮೊದಲು ಒಂದನ್ನು ಯೋಚಿಸಿ: ಹುಟ್ಟಿದ ದಿನವೇ ಕೂಸಿನ ಮುಖವನ್ನು ಮುನ್ನೂರು ಜನರ ಸ್ಟೇಟಸ್‌ಗೆ ಹಾಕುವ ಅಪ್ಪನಿಗಿಂತ ಆಯಿಗೆ ಖಾಸಗಿತನ ಚೆನ್ನಾಗಿ ಗೊತ್ತಿದೆ. ಆದರೆ ಅದೇ ಆಯಿ ಬಾಣಂತಿ ಕೋಣೆಯ ಕಿಟಕಿಗೆ ಹಳೇ ಬಟ್ಟೆ ತುರುಕುವುದನ್ನು ನಾನು ಒಪ್ಪುವುದಿಲ್ಲ. ಹುಮನಾಬಾದ್ ಕಡೆಯ ಒಂದು ಮನೆಯಲ್ಲಿ ನೋಡಿದೆ. ಒಳಗೆ ಅಗ್ಗಿಷ್ಟಿಕೆಯ ಕೆಂಡ, ಲೋಬಾನದ ಹೊಗೆ, ಹಗಲು ಹನ್ನೊಂದಕ್ಕೇ ಕತ್ತಲು. ಆ ಕತ್ತಲಲ್ಲಿ ಫೋಟೋಗ್ರಾಫರ್ ಎರಡು ದೊಡ್ಡ ಲೈಟು ನಿಲ್ಲಿಸಿ ವೈರು ಎಳೆಯುತ್ತಿದ್ದ. ಕೂಸು ಕೆಮ್ಮುತ್ತಿತ್ತು. ಗೋಡೆಯ ಆಚೆ ಅಂಗಳದಲ್ಲಿ ಪುಕ್ಕಟೆ ಬೆಳಕು ಬಿದ್ದಿತ್ತು.

ಕಿಟಕಿ ತೆಗೆಸಿ, ಕೆಂಡ ಹೊರಗಿಡಿಸಿ. ಗಾಳಿ ನೇರ ಬೀಸದ ಹಾಗೆ, ಕಿಟಕಿಯ ಬೆಳಕು ಒಂದು ಮಗ್ಗುಲಿಂದ ಬೀಳುವ ಹಾಗೆ ಹೊರಸು ಎಳೆಯಿರಿ. ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೆ ತೆಳು ಬಿಳಿ ಪಂಚೆ ಅಡ್ಡ ಕಟ್ಟಿದರಾಯಿತು. ಮಾಳಿಗೆ ಮನೆಯಾದರೆ ಬೆಳಕಿಂಡಿ ಇದ್ದೇ ಇದೆ, ಅದರಿಂದ ಇಳಿಯುವ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗದು. ಬಲ್ಬು ಆರಿಸಿ. ಕೆಳಗೆ ಆಯಿ ಹೊಲಿದ ಕೌದಿ ಹಾಸಿ, ತಲೆಗೆ ಮನೆಯ ಕುಂಚಿಗೆ ಹಾಕಿ. ಹಾಲು ಕುಡಿದು ತೇಗಿದ ಮೇಲೆ ಹತ್ತು ನಿಮಿಷ ಸಿಕ್ಕರೆ ಸಾಕು, ಕೈಯಲ್ಲಿರುವ ಮೊಬೈಲೂ ಸಾಕು. ಫ್ಲ್ಯಾಶ್ ಬೇಡ. ಅದರಿಂದ ಕಣ್ಣು ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಆದರೆ ಕೂಸು ಬೆಚ್ಚುತ್ತದೆ, ಮುಖ ಸುಣ್ಣ ಬಳಿದ ಗೋಡೆಯಾಗುತ್ತದೆ.

ಸುಣ್ಣ ಬಳಿಯುವ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ ಅನ್ನಿ. ಹೊಸ ಕೂಸಿನ ಚರ್ಮ ಸುಲಿಯುತ್ತದೆ, ಮೂಗಿನ ಮೇಲೆ ಬಿಳಿ ಚುಕ್ಕಿ ಇರುತ್ತವೆ, ಬೆನ್ನ ಕೆಳಗೆ ನೀಲಿ ಮಚ್ಚೆ ಇರಬಹುದು. ಕಾಲಕ್ರಮೇಣ ತಾವೇ ಹೋಗುವಂಥವು. ಎಡಿಟಿಂಗ್ ಮಾಡುವವನಿಗೆ ಅಷ್ಟು ತಾಳ್ಮೆ ಇಲ್ಲ. ಎಲ್ಲವನ್ನೂ ಒರೆಸಿ, ಜೊತೆಗೆ ಎರಡು ಪಟ್ಟು ಬೆಳ್ಳಗೆ ಮಾಡಿ ಕೊಡುತ್ತಾನೆ. ಯಾರೂ ಕೇಳದಿದ್ದರೂ ಮಾಡುತ್ತಾನೆ, ಯಾಕೆಂದರೆ ಮದುವೆ ಆಲ್ಬಮ್ಮಿನಲ್ಲಿ ಮಾಡಿ ರೂಢಿ. ಎಣ್ಣೆಗಪ್ಪು ಕೂಸು ತನ್ನ ಮೊದಲ ಫೋಟೋದಲ್ಲೇ “ನೀನು ಹೀಗಿರಬೇಕಿತ್ತು” ಅನ್ನಿಸಿಕೊಳ್ಳುತ್ತದೆ. ಹೆಣ್ಣುಕೂಸಾದರೆ ಮುಂದೆ ಹೆಣ್ಣು ನೋಡಲು ಬಂದವರೂ ಅದನ್ನೇ ಅನ್ನುತ್ತಾರೆ.

ಈ ಒರೆಸುವಿಕೆಯಲ್ಲಿ ನನಗೆ ನಿಜವಾದ ಭಯ ಇರುವುದು ಕಣ್ಣಿನ ವಿಷಯದಲ್ಲಿ. ಫ್ಲ್ಯಾಶ್ ಹಾಕಿ ತೆಗೆದಾಗ ಪಾಪೆ ಕೆಂಪಗೆ ಹೊಳೆಯುವುದು ಸಹಜ. ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆದರೆ ಅದನ್ನು ಕಡೆಗಣಿಸುವಂತಿಲ್ಲ. ಕ್ಯಾಮೆರಾದ ಕೋನದಿಂದಲೂ ಹಾಗಾಗುವುದುಂಟು. ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಇರಬಹುದು, ಎಳೆಯ ಮಕ್ಕಳಿಗೇ ಬರುವ ರೆಟಿನೋಬ್ಲಾಸ್ಟೋಮಾ ಅನ್ನುವ ಕಣ್ಣಿನ ಕ್ಯಾನ್ಸರೂ ಇರಬಹುದು. ಬೇಗ ಗೊತ್ತಾದರೆ ಈ ಕ್ಯಾನ್ಸರ್ ವಾಸಿಯಾಗುವಂಥದು. ಎಷ್ಟೋ ಕಡೆ ಅದನ್ನು ಮೊದಲು ಕಂಡದ್ದು ಅಪ್ಪ ಅಮ್ಮ, ಅದೂ ಮನೆಯಲ್ಲಿ ತೆಗೆದ ಫೋಟೋದಲ್ಲಿ. ಎಡಿಟ್ ಮಾಡುವವನು ಎರಡೂ ಪಾಪೆಗೆ ಕಪ್ಪು ತುಂಬಿ ಕೊಟ್ಟರೆ ಆ ಸುಳಿವೂ ಹೋಯಿತು.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ: ಎಡಿಟ್ ಮಾಡದ ಫೋಟೋಗಳನ್ನೂ ಪೆನ್‌ಡ್ರೈವಿನಲ್ಲಿ ಕೊಡುತ್ತೀರಾ? ತೊಟ್ಟಿಲು ಕಾರ್ಯದಲ್ಲಿ ನೆಂಟರು ಫ್ಲ್ಯಾಶ್ ಹೊಡೆದು ತೆಗೆದವನ್ನೂ ತರಿಸಿಕೊಂಡು, ದೊಡ್ಡದು ಮಾಡಿ ಕಣ್ಣು ನೋಡಿ. ಬಿಳಿ ಹೊಳಪು ಕಂಡರೆ ಆ ಫೋಟೋ ಅಳಿಸದೆ, ಕೂಸನ್ನು ಎತ್ತಿಕೊಂಡು ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬೀದರಿನ ಬ್ರಿಮ್ಸ್‌ಗೆ ನಮ್ಮ ಎರಡೂ ಊರಿನಿಂದ ಬಸ್ಸಿದೆ.