ರಬ್ಬರಿನ ಜಾಗದಲ್ಲಿ ಅಲ್ಯೂಮಿನಿಯಂ

ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಇಂದು ಕೋಪ ಬರೆಸುತ್ತಿದೆ.

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮಾರುತಿ ಜೆನ್ ಕಾರಿನಲ್ಲಿ ಬಸವೇಶ್ವರನಗರದ ನಮ್ಮ ಮನೆಗೆ ಬಂದು, ನನ್ನನ್ನು ವಿಜಯನಗರದವರೆಗೆ ಕರೆದೊಯ್ದನು. ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತಿತ್ತು. ನನ್ನ ಕಟ್ಟಿಸಿದ ಹಲ್ಲುಗಳು ತಾಳ ಹಾಕುತ್ತಿದ್ದವು. ಕಾರಣ ಕೇಳಿದೆ. ಎಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟುಗಳನ್ನು ಕಿತ್ತು, ರಾಜಾಜಿನಗರದ ಲೇತ್ ಒಂದರಲ್ಲಿ ಕಡೆಸಿದ ಅಲ್ಯೂಮಿನಿಯಂ ತುಂಡುಗಳನ್ನು ಕೂರಿಸಿದ್ದಾನಂತೆ! "ರೇಸ್ ಕಾರುಗಳಲ್ಲಿ ಹೀಗೆಯೇ ಸರ್" ಎಂದನು.

ಹೌದು, ಹೀಗೆಯೇ. 1967ರ ಲೋಟಸ್ 49 ಕಾರಿನಲ್ಲಿ ಎಂಜಿನ್ನೇ ಕಾರಿನ ಹಿಂಭಾಗದ ಬೆನ್ನೆಲುಬಾಗಿತ್ತು. ಆದರೆ ಅಂತಹ ಕಾರನ್ನು ಪಂದ್ಯ ಮುಗಿದೊಡನೆ ಬಿಚ್ಚಿ, ಬಿರುಕು ಹುಡುಕುವ ಮೆಕ್ಯಾನಿಕ್‌ಗಳ ದಂಡೇ ಇರುತ್ತದೆ. ನಿನ್ನ ಕಾರಿಗೆ ಯಾರಿದ್ದಾರಪ್ಪ?

ಹತ್ತನೆಯ ತರಗತಿಯಲ್ಲಿ ಕಂಪನದ ಪಾಠ ಮಾಡಿದವನು ನಾನೇ. ಹೀಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇರಬಹುದು. ನಿಮಿಷಕ್ಕೆ 900 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 30 ಬಾರಿ ಸಿಡಿಯುತ್ತದೆ. 3000 ಸುತ್ತಿನಲ್ಲಿ 100 ಬಾರಿ. ಈ ಪೆಟ್ಟುಗಳನ್ನು ನುಂಗುವುದೇ ರಬ್ಬರಿನ ಕೆಲಸ. ಕ್ರೈಸ್ಲರ್ ಕಂಪನಿಯು 1931ರಲ್ಲಿ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸಿ, 'ಫ್ಲೋಟಿಂಗ್ ಪವರ್' ಎಂದು ಹೆಮ್ಮೆಯಿಂದ ಮಾರಿತು. ಅದನ್ನು ನಾವು ಕಾಸು ಕೊಟ್ಟು ಕಳೆದುಕೊಳ್ಳುತ್ತಿದ್ದೇವೆ. ರಬ್ಬರ್ ನುಂಗದ ಪೆಟ್ಟು ಎಲ್ಲಿಯೂ ಮಾಯವಾಗುವುದಿಲ್ಲ. ಬೆಸುಗೆಗೆ, ಬೋಲ್ಟಿಗೆ, ಸೈಲೆನ್ಸರ್ ಕೊಳವೆಗೆ, ಕೂತವರ ಬೆನ್ನಿಗೆ ಹೋಗಿ ಸೇರುತ್ತದೆ.

ಲೇತ್ ಹಿಡಿದವರನ್ನು ನಾನು ದೂರಲಾರೆ. ಕೇಳಿದ ಅಳತೆಗೆ ಕೂದಲೆಳೆಯೂ ತಪ್ಪದಂತೆ ಕಡೆದುಕೊಟ್ಟಿದ್ದಾರೆ. ಕೇಳಿದವನಿಗೆ ವಿವೇಕವಿರಬೇಕಿತ್ತು. ಕ್ಲಚ್ ಬಿಟ್ಟಾಗ ಎಂಜಿನ್ ಓಲಾಡುತ್ತದೆ, ಗೇರ್ ಬಿಗಿಯಾಗಿ ಬೀಳುವುದಿಲ್ಲ ಎಂಬ ಅವನ ದೂರು ಸುಳ್ಳಲ್ಲ. ಅದಕ್ಕೆ ಹೊಸ ರಬ್ಬರ್ ಹಾಕಿಸಬಹುದಿತ್ತು. ಹೆಚ್ಚೆಂದರೆ ಓಲಾಟವನ್ನು ತಡೆಯುವ ಒಂದು ಮೌಂಟನ್ನು ಮಾತ್ರ ಗಟ್ಟಿ ಪಾಲಿಯುರೆಥೇನಿನದಾಗಿ ಬದಲಿಸಬಹುದಿತ್ತು.

ಇದೇ ಕಾರಿನಲ್ಲಿ ಅವನು ಬೆನ್ನಿನ ಶಸ್ತ್ರಚಿಕಿತ್ಸೆಯಾದ ತಾಯಿಯನ್ನು ಕೆಂಗೇರಿಯಿಂದ ಆಸ್ಪತ್ರೆಗೆ ವಾರಕ್ಕೊಮ್ಮೆ ಕರೆದೊಯ್ಯುತ್ತಾನೆ. ಆಕೆ ಏನೂ ಹೇಳಿಲ್ಲವೆಂದನು. ತಾಯಂದಿರು ಹೇಳುತ್ತಾರೆಯೇ?

ಬಾನೆಟ್ ತೆಗೆಸಿ, ಟಾರ್ಚ್ ಹಿಡಿದು ನೋಡಿದೆವು. ಮೌಂಟಿನ ಬ್ರಾಕೆಟ್ಟು ದೇಹಕ್ಕೆ ಬೆಸೆದಿರುವ ಕಡೆ ಬಣ್ಣ ಸಣ್ಣಗೆ ಸೀಳಿತ್ತು; ಉಗುರು ಹಾಯಿಸಿದರೆ ಗೆರೆ ತಗಲುತ್ತಿತ್ತು. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಹಳೆಯ ರಬ್ಬರುಗಳನ್ನು ಎಸೆದೆಯಾ ಎಂದು ಕೇಳಿದೆ. ಅಟ್ಟದ ಮೇಲಿವೆ ಎಂದನು.