ಮುನ್ಸಿಪಲ್ ಕನ್ನಡ ಶಾಲೆಯ ಪುಟಾಣಿಗಳ ಸಾಧನೆ: ಸಂಘಗಳ ವೇದಿಕೆಗೂ ಬರಲಿ

ಮಹಾನಗರದ ತುಳು-ಕನ್ನಡಿಗರ ಸಂಘ ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಪ್ರತಿಭಾ ಪುರಸ್ಕಾರಕ್ಕೆ ಖಾಯಂ ಸ್ಥಾನವಿದೆ. ಎಸ್ಸೆಸ್ಸಿಯಲ್ಲಿ ಶೇ. 90ಕ್ಕಿಂತ ಹೆಚ್ಚು ಅಂಕ ಗಳಿಸಿದವರು, ಸಿಎ ಮುಗಿಸಿದವರು, ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಟವರು ಹೆತ್ತವರೊಂದಿಗೆ ವೇದಿಕೆಗೆ ಬಂದು ಶಾಲು, ಸ್ಮರಣಿಕೆ, ಪುಷ್ಪಗುಚ್ಛ ಸ್ವೀಕರಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರವೂ ಬರುತ್ತದೆ. ಇದು ಆಗಬೇಕಾದದ್ದೇ. ಆದರೆ ಇದೇ ಮಹಾನಗರದಲ್ಲಿ ಪಾಲಿಕೆಯ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯೊಂದರ ಐದನೆಯ ತರಗತಿಯ ಬಾಲಕಿ ಶಿಷ್ಯವೇತನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಆ ಸುದ್ದಿ ಶಾಲೆಯ ಕರಿಹಲಗೆಯ ಮೇಲೆ ಎರಡು ದಿನ ಇದ್ದು ಅಳಿಸಿಹೋಗುತ್ತದೆ. ಅವಳ ಸಾಧನೆ ಸಣ್ಣದು ಎಂಬ ಕಾರಣಕ್ಕಲ್ಲ. ಅವಳ ಶಾಲೆ ಯಾವ ಗಲ್ಲಿಯಲ್ಲಿದೆ ಎಂದು ವೇದಿಕೆಯಲ್ಲಿ ಕುಳಿತವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಕಾರಣಕ್ಕೆ.

ಬೃಹನ್ಮುಂಬಯಿ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಹಾಗೂ ಕನ್ನಡ, ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತಾ ಬಂದಿದೆ. ದೇಶದ ಬೇರೆ ಯಾವ ನಗರದಲ್ಲೂ ಸುಲಭದಲ್ಲಿ ಕಾಣಸಿಗದ ವ್ಯವಸ್ಥೆಯಿದು. ಎಷ್ಟೋ ಕಡೆ ಒಂದೇ ಕಟ್ಟಡದ ಒಂದು ಮಾಳಿಗೆಯಲ್ಲಿ ಮರಾಠಿ, ಮೇಲಿನದರಲ್ಲಿ ಹಿಂದಿ, ಮೂಲೆಯ ಎರಡು ಮೂರು ಕೋಣೆಗಳಲ್ಲಿ ಕನ್ನಡ. ಬೆಳಗಿನ ಪ್ರಾರ್ಥನೆ ಒಟ್ಟಿಗೆ, ಮಧ್ಯಾಹ್ನದ ಖಿಚಡಿಯೂ ಒಟ್ಟಿಗೆ. ಸಮವಸ್ತ್ರ, ಬೂಟು, ಪಾಟಿಚೀಲ, ನೋಟುಪುಸ್ತಕ ಮೊದಲ್ಗೊಂಡು 27 ಬಗೆಯ ಸಾಮಗ್ರಿಗಳನ್ನು ಪಾಲಿಕೆ ಉಚಿತವಾಗಿ ಕೊಡುತ್ತದೆ. ಕನ್ನಡ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಮುದ್ರಿಸಿಕೊಡುತ್ತದೆ. 1967ರಲ್ಲಿ ಹುಟ್ಟಿದ ಈ ಸಂಸ್ಥೆಯ ಕನ್ನಡ ಪುಸ್ತಕಗಳನ್ನು ಓದಿ ಬೆಳೆದವರು ಇಂದು ಮುಂಬಯಿಯಲ್ಲಷ್ಟೇ ಅಲ್ಲ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ಕಡೆಯಲ್ಲೂ ಇದ್ದಾರೆ.

ಈ ಶಾಲೆಗಳಲ್ಲಿ ಇಂದು ಕಲಿಯುವ ಮಕ್ಕಳು ಯಾರು? ಒಂದು ಕಾಲಕ್ಕೆ ಕರಾವಳಿಯಿಂದ ಬಂದು ಹೊಟೇಲು, ಕ್ಯಾಂಟೀನು, ಗಿರಣಿಗಳಲ್ಲಿ ದುಡಿದವರ ಮಕ್ಕಳಿಂದ ಈ ತರಗತಿಗಳು ತುಂಬಿರುತ್ತಿದ್ದವು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ. ಆ ಕುಟುಂಬಗಳು ಚಾಳಿನಿಂದ ಫ್ಲ್ಯಾಟಿಗೆ ಏರಿದವು, ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಅವರ ಜಾಗಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಕಟ್ಟಡ ಕೆಲಸ, ರಸ್ತೆ ಕೆಲಸ, ನಾಕಾದಲ್ಲಿ ನಿಂತು ದಿನಗೂಲಿ ಮಾಡುವವರ ಮಕ್ಕಳು ಬಂದರು. ಇವರಲ್ಲಿ ಅನೇಕರಿಗೆ ಮನೆಯ ಮಾತು ಲಂಬಾಣಿ. ಹಾಗಾಗಿ ಅಂದಿನ ತುಳು ಮಗುವಿಗೂ ಇಂದಿನ ಲಂಬಾಣಿ ಮಗುವಿಗೂ ಕನ್ನಡ ಶಾಲೆ ಒಂದೇ ಬಗೆಯಲ್ಲಿ ದಾರಿಯಾಗಿದೆ. ಸಂಘಗಳ ಹಿರಿಯರು ಇದನ್ನು ನೆನಪಿನಲ್ಲಿಡುವುದು ಒಳಿತು. ಅವರಲ್ಲಿ ಎಷ್ಟೋ ಮಂದಿ ಕುಳಿತ ಬೆಂಚಿನ ಮೇಲೆಯೇ ಈ ಮಕ್ಕಳು ಕುಳಿತಿದ್ದಾರೆ.

ಹೀಗಾಗಿ ಸಾಧನೆ ಎಂಬ ಪದವನ್ನು ಇಲ್ಲಿ ಬೇರೆ ಅಳತೆಗೋಲಿನಿಂದ ನೋಡಬೇಕಾಗುತ್ತದೆ. ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಶಿಷ್ಯವೇತನ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. ಹಿಂದೆ 4 ಮತ್ತು 7ನೆಯ ತರಗತಿಗಳಿಗಿದ್ದ ಈ ಪರೀಕ್ಷೆ 2017ರಿಂದ 5 ಮತ್ತು 8ನೆಯ ತರಗತಿಗಳಿಗೆ ಬದಲಾಗಿತ್ತು. ಅದನ್ನು ಮತ್ತೆ 4 ಮತ್ತು 7ಕ್ಕೆ ತರುವ ನಿರ್ಧಾರವನ್ನು ಸರಕಾರ 2025ರಲ್ಲಿ ಕೈಗೊಂಡಿತು. ಎರಡು ಪ್ರಶ್ನೆಪತ್ರಿಕೆ, ಒಂದೊಂದಕ್ಕೆ 150 ಅಂಕ. ಭಾಷೆ, ಗಣಿತ, ಬುದ್ಧಿಮತ್ತೆಯ ಪ್ರಶ್ನೆಗಳು. ಮರಾಠಿ, ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಅಂಗಡಿಯಲ್ಲಿ ಗೈಡುಗಳ ರಾಶಿಯೇ ಇದೆ, ಟ್ಯೂಷನ್ ಕ್ಲಾಸುಗಳಿವೆ. ಕನ್ನಡದಲ್ಲಿ ಅಂತಹ ಪುಸ್ತಕ ಸಿಗುವುದೇ ಅಪರೂಪ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಜೆರಾಕ್ಸ್ ಮಾಡಿಸಿ, ಮರಾಠಿ ಗೈಡಿನಿಂದ ಲೆಕ್ಕಗಳನ್ನು ಕನ್ನಡಕ್ಕೆ ಇಳಿಸಿ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೆಚ್ಚು ಕೂರಿಸಿ ಕಲಿಸಬೇಕಾದವರು ಶಿಕ್ಷಕರೇ. ತಾಯಿ ತಂದೆ ಇಬ್ಬರೂ ಬೆಳಗ್ಗೆ ನಾಕಾಕ್ಕೆ ಹೋದ ಮೇಲೆ ತಮ್ಮನನ್ನು ಬಾಲವಾಡಿಗೆ ಬಿಟ್ಟು, ನೀರು ತುಂಬಿಸಿಟ್ಟು ಶಾಲೆಗೆ ಬರುವ ಹುಡುಗಿ ಇಂತಹ ಪರೀಕ್ಷೆ ದಾಟುವುದಕ್ಕೂ, ಎಲ್ಲ ಅನುಕೂಲವಿರುವ ಮನೆಯ ಮಗು ಶೇ. 95 ತೆಗೆಯುವುದಕ್ಕೂ ತೂಕ ಹಾಕಿದರೆ ತಕ್ಕಡಿ ಯಾವ ಕಡೆ ವಾಲೀತು ಎಂದು ಹೇಳುವುದು ಕಷ್ಟ.

ಪಾಲಿಕೆಯ ಬಾಲ ಚಿತ್ರಕಲಾ ಸ್ಪರ್ಧೆ ಇನ್ನೊಂದು ಉದಾಹರಣೆ. ನಗರದ ಉದ್ಯಾನಗಳಲ್ಲಿ ಒಂದೇ ದಿನ ಸಾವಿರಾರು ಮಕ್ಕಳು ಕುಳಿತು ಚಿತ್ರ ಬಿಡಿಸುತ್ತಾರೆ. ಅಲ್ಲಿ ಮಾಧ್ಯಮದ ಹಂಗಿಲ್ಲ. ಬಣ್ಣದ ಪೆಟ್ಟಿಗೆಗೆ ಭಾಷೆಯಿಲ್ಲ. ಜೋಪಡಪಟ್ಟಿಯ ಮಗು ಬಿಡಿಸುವ ಮುಂಬಯಿಯಲ್ಲಿ ಗೇಟ್‌ವೇಗಿಂತ ಕ್ರೇನು, ಅರ್ಧ ಕಟ್ಟಿದ ಗೋಪುರ, ನೀರಿನ ಟ್ಯಾಂಕರು ಹೆಚ್ಚು ಬರುವುದರಲ್ಲಿ ಆಶ್ಚರ್ಯವಿಲ್ಲ. ಖೋ-ಖೋ, ಕಬಡ್ಡಿ, ಓಟದ ಮಾತೂ ಅಷ್ಟೇ. ಇನ್ನು ಸ್ನೇಹ ಸಮ್ಮೇಳನದ ದಿನ ಇದೇ ಮಕ್ಕಳು ಕನ್ನಡ ಹಾಡಿಗೆ ಕುಣಿದು, ಮರಾಠಿಯಲ್ಲಿ ಸ್ವಾಗತ ಹೇಳಿ, ಹಿಂದಿಯಲ್ಲಿ ನಿರೂಪಣೆ ಮಾಡಿ ಇಳಿಯುತ್ತಾರೆ. ಹತ್ತು ವರ್ಷದ ಮಗುವಿನ ಬಾಯಲ್ಲಿ ನಾಲ್ಕು ಭಾಷೆ. ಇದಕ್ಕೆ ಯಾರೂ ಪ್ರಶಸ್ತಿಪತ್ರ ಕೊಟ್ಟಂತಿಲ್ಲ.

ಕನ್ನಡ ಮಾಧ್ಯಮದಲ್ಲಿ ಕಲಿತರೆ ಮಗು ಹಿಂದೆ ಬೀಳುತ್ತದೆ ಎಂಬ ಹೆದರಿಕೆ ಪಾಲಕರಲ್ಲಿ ಬೇರೂರಿದೆ. ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕನ್ನಡದಲ್ಲಿ ಪ್ರಾಥಮಿಕ ಮುಗಿಸಿದವನಿಗೆ ಹತ್ತಿರದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದಿದ್ದರೆ ಒಮ್ಮೆಲೇ ಬೇರೆ ಮಾಧ್ಯಮಕ್ಕೆ ಜಿಗಿಯಬೇಕಾಗುತ್ತದೆ. ಎಷ್ಟೋ ಹುಡುಗರ, ಅದರಲ್ಲೂ ಹುಡುಗಿಯರ ಓದು ನಿಲ್ಲುವುದು ಇಲ್ಲಿಯೇ. ಆದರೆ ಭಾಷೆ ಬರುವುದಿಲ್ಲ ಎಂಬ ಮಾತು ಮಾತ್ರ ಸರಿಯಲ್ಲ. 2000ದಿಂದ ರಾಜ್ಯದಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. 2020ರ ಕಾನೂನಿನಂತೆ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅಂದರೆ ಕನ್ನಡ ಶಾಲೆಯ ಮಗು ನೆಲದ ಭಾಷೆಯನ್ನೂ ಕಲಿಯುತ್ತದೆ, ಇಂಗ್ಲಿಷನ್ನೂ ಕಲಿಯುತ್ತದೆ, ಲೆಕ್ಕವನ್ನು ತಿಳಿದ ಮಾತಿನಲ್ಲಿ ಕಲಿಯುತ್ತದೆ.

ಹಾಗಿದ್ದೂ ತರಗತಿಗಳು ತೆಳ್ಳಗಾಗುತ್ತಿವೆ. ಇದರ ಹಿಂದೆ ಇಂಗ್ಲಿಷಿನ ಸೆಳೆತವೊಂದೇ ಇಲ್ಲ, ಕಾಗದಪತ್ರದ ಸಂಗತಿಯೂ ಇದೆ. ಬೇಸಿಗೆಗೆ ಊರಿಗೆ ಹೋದ ಕುಟುಂಬ ಜಾತ್ರೆ, ಬಿತ್ತನೆ ಮುಗಿಸಿ ಮರಳುವಾಗ ಜುಲೈ ಕಳೆದಿರುತ್ತದೆ. ಇಲ್ಲಿ ಶಾಲೆ ಜೂನ್ ಮಧ್ಯದಲ್ಲಿಯೇ ತೆರೆದಿರುತ್ತದೆ. ಊರಲ್ಲಿ ಟಿಸಿ ಎನ್ನುವುದನ್ನು ಇಲ್ಲಿ ಎಲ್‌ಸಿ ಎನ್ನುತ್ತಾರೆ. ಒಂದು ಕಡೆಯದನ್ನು ಇನ್ನೊಂದು ಕಡೆ ತೋರಿಸುವಾಗ ಹೆಸರಿನ ಒಂದು ಅಕ್ಷರ, ಹುಟ್ಟಿದ ತಾರೀಕಿನ ಒಂದು ಅಂಕಿ ಹೊಂದುವುದಿಲ್ಲ. ಈಚಿನ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆಗಳ ಮಂಜೂರಾತಿಗೆ ಆಧಾರ್ ತಾಳೆಯಾದ ವಿದ್ಯಾರ್ಥಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಕ್ರಮ ಬಂದಿದೆ. ಮಗು ಬೆಂಚಿನ ಮೇಲೆ ಕುಳಿತು ಪಾಠ ಹೇಳುತ್ತಿರುತ್ತದೆ, ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ. ಲೆಕ್ಕ ಕಡಿಮೆಯಾದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಶಿಕ್ಷಕರಿಲ್ಲವೆಂದು ಇನ್ನಷ್ಟು ಮಕ್ಕಳು ಹೋಗುತ್ತಾರೆ, ಕೊನೆಗೆ ವಿಲೀನದ ಸುತ್ತೋಲೆ ಬರುತ್ತದೆ. 2017ರಲ್ಲಿ ರಾಜ್ಯ ಸರಕಾರ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಿದ್ದ 1,300ಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿ ಬೇರೆಡೆ ಸೇರಿಸಲು ಹೊರಟದ್ದು ಮರೆಯುವ ಸಂಗತಿಯಲ್ಲ.

ಕಾನೂನಿನ ಬಲ ಇಲ್ಲವೆಂದಲ್ಲ. ಒಂದು ತರಗತಿಯಲ್ಲಿ ಹತ್ತು ಅಥವಾ ಇಡೀ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಅವರಿಗೆ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕೆಂದು 1949ರಲ್ಲಿಯೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುತ್ತದೆ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಆದರೆ ಹತ್ತರ ಆ ಲೆಕ್ಕ ತುಂಬದ ತರಗತಿಯ ಪರವಾಗಿ ಯಾವ ವಿಧಿಯನ್ನು ಹಿಡಿದು ವಾದಿಸುವುದು?

ಸಂಘಗಳು ಏನೂ ಮಾಡುತ್ತಿಲ್ಲ ಎಂದರೆ ಅದು ಅನ್ಯಾಯದ ಮಾತಾದೀತು. ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ ಕೀರ್ತಿ ಮುಂಬಯಿಯ ಕನ್ನಡಿಗರದು. ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಹಿರಿಯ ಸಂಸ್ಥೆಗಳು ಹಾಕಿಕೊಟ್ಟ ಆ ಪರಂಪರೆಯಿಂದ ವಕೀಲರು, ಬ್ಯಾಂಕ್ ಅಧಿಕಾರಿಗಳು, ಉದ್ಯಮಿಗಳು ಬಂದಿದ್ದಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಚಿಣ್ಣರ ಬಿಂಬ ಕನ್ನಡ ಕಲಿಸುತ್ತಾ ಬಂದಿರುವುದು ಕಣ್ಣ ಮುಂದೆಯೇ ಇದೆ. ನೋಟುಪುಸ್ತಕ ವಿತರಣೆಯಂತೂ ಪ್ರತಿ ಮಳೆಗಾಲದ ಸುದ್ದಿ. ಆದರೆ ನೋಟುಪುಸ್ತಕ ಪಾಲಿಕೆಯೇ ಕೊಡುವ 27 ಸಾಮಗ್ರಿಗಳಲ್ಲಿ ಒಂದು. ಆ ಮಕ್ಕಳಿಗೆ ಬೇಕಾಗಿರುವುದು ಅದಲ್ಲ. ಶಿಷ್ಯವೇತನ ಪರೀಕ್ಷೆಗೆ ಕನ್ನಡದಲ್ಲಿ ಒಂದು ಅಭ್ಯಾಸ ಪುಸ್ತಕ ಮಾಡಿಸಿಕೊಟ್ಟರೆ ಅದು ಮುಂಬಯಿಗೂ ಬಂತು, ಜತ್ತಕ್ಕೂ ಬಂತು. 1978ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ನಿವೃತ್ತ ಶಿಕ್ಷಕರು ಪ್ರತಿ ಉಪನಗರದಲ್ಲೂ ಇದ್ದಾರೆ, ಮುದ್ರಣಾಲಯ ನಡೆಸುವ ಕನ್ನಡಿಗರೂ ಇದ್ದಾರೆ. ಒಂದು ಶಾಲು ಸ್ಮರಣಿಕೆಯ ಕಾರ್ಯಕ್ರಮದ ಖರ್ಚಿನಲ್ಲಿ ಆಗುವ ಕೆಲಸವಿದು.

ಆಧಾರ್ ತಿದ್ದುಪಡಿಯ ಕೆಲಸವೂ ಹೀಗೆಯೇ. ಒಂದು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತು, ಇನ್ನೊಂದು ದಾಖಲೆ ತನ್ನಿ ಎಂದು ಕೇಳಿಸಿಕೊಂಡು ಮರಳುವ ತಂದೆಗೆ ಮಾರನೆಯ ಸಲ ಹೋಗುವ ಉತ್ಸಾಹ ಇರುವುದಿಲ್ಲ. ಭಾನುವಾರ ಸಭಾಗೃಹದಲ್ಲಿ ಅರ್ಜಿ ತುಂಬಿಸಿಕೊಡಲು, ಕಲಬುರಗಿಯ ಯಾವುದೋ ಶಾಲೆಗೆ ಫೋನು ಮಾಡಿ ಟಿಸಿ ತರಿಸಲು ಇಬ್ಬರು ಯುವ ಕಾರ್ಯಕರ್ತರು ಸಾಕು. ಸಂಘದ ಯುವ ವಿಭಾಗಕ್ಕೆ ಕ್ರಿಕೆಟ್ ಪಂದ್ಯಾಟದ ಹೊರತು ಬೇರೆ ಕೆಲಸವಿಲ್ಲ ಎಂಬ ದೂರೂ ಇದರಿಂದ ತಪ್ಪೀತು.

ಜೂನ್ ತಿಂಗಳ ಮೊದಲ ಎರಡು ವಾರ ಕನ್ನಡ ಶಾಲೆಗಳ ಶಿಕ್ಷಕಿಯರು ಕೈಯಲ್ಲಿ ಹಾಜರಿ ಪಟ್ಟಿ ಹಿಡಿದು ಜೋಪಡಪಟ್ಟಿಯ ಗಲ್ಲಿಗಳಲ್ಲಿ ಮನೆಯಿಂದ ಮನೆಗೆ ತಿರುಗಿ ಮಕ್ಕಳನ್ನು ಹುಡುಕುತ್ತಾರೆ. ಬಾಗಿಲಿಗೆ ಬೀಗ ಕಂಡರೆ ಪಕ್ಕದವರನ್ನು ಕೇಳಿ ಮೊಬೈಲ್ ನಂಬರು ಬರೆದುಕೊಳ್ಳುತ್ತಾರೆ. ಅವರೊಡನೆ ಸ್ಥಳೀಯ ಕನ್ನಡ ಸಂಘದ ಒಬ್ಬ ಪದಾಧಿಕಾರಿ ನಡೆದು ಹೋಗುವುದು ಈ ತನಕ ವಿರಳ. ಈ ಬಾರಿಯ ಪ್ರತಿಭಾ ಪುರಸ್ಕಾರದ ಅರ್ಜಿಗಳನ್ನು ಆಹ್ವಾನಿಸುವ ಪ್ರಕಟಣೆಯಲ್ಲಿ ಎಸ್ಸೆಸ್ಸಿ, ಎಚ್ಚೆಸ್ಸಿಗಳ ಕೆಳಗೆ ‘ಪಾಲಿಕೆಯ ಕನ್ನಡ ಶಾಲೆ, ಶಿಷ್ಯವೇತನ ಪರೀಕ್ಷೆ’ ಎಂಬ ಒಂದು ಸಾಲು ಸೇರಿಸಲು ಯಾವ ಸಂಘದ ಮಹಾಸಭೆಯ ಠರಾವೂ ಬೇಕಾಗಿಲ್ಲ.